ಬಾಗಿಲಾಚೆಯ ಪಾತ್ರ

ಡಾನ್ ಸೀಗಲ್ ನಿರ್ದೇಶಿಸಿದ 'ಡರ್ಟಿ ಹ್ಯಾರಿ' (1971) ಚಿತ್ರದ ಆರಂಭದಲ್ಲೇ ಒಂದು ಹೆಸರಾಂತ ದೃಶ್ಯವಿದೆ. ಸ್ಯಾನ್ ಫ್ರಾನ್ಸಿಸ್ಕೋದ ಪೊಲೀಸ್ ಇನ್‌ಸ್ಪೆಕ್ಟರ್ ಹ್ಯಾರಿ ಕ್ಯಾಲಹನ್ ತಿನ್ನಲು ಕೂತಿರುವಾಗ ಬೀದಿಯ ಬ್ಯಾಂಕಿನಲ್ಲಿ ದರೋಡೆಯಾಗುತ್ತದೆ. ಬಾಯಲ್ಲಿದ್ದ ತುತ್ತನ್ನು ಅಗಿಯುತ್ತಲೇ ಆತ ರಸ್ತೆಗಿಳಿದು ಗುಂಡು ಹಾರಿಸುತ್ತಾನೆ. ಕೊನೆಗೆ ಗಾಯಗೊಂಡ ಒಬ್ಬ ಕಪ್ಪು ದರೋಡೆಕೋರ ನೆಲದ ಮೇಲಿದ್ದಾನೆ. ಅವನ ಕೈಗೆ ಎಟುಕುವಷ್ಟು ಹತ್ತಿರದಲ್ಲಿ ಬಂದೂಕು ಬಿದ್ದಿದೆ. ಹ್ಯಾರಿ ತನ್ನ ಭಾರಿ ರಿವಾಲ್ವರನ್ನು ಅವನತ್ತ ಹಿಡಿದು, ತಾನು ಹಾರಿಸಿದ್ದು ಐದೋ ಆರೋ ತನಗೇ ನೆನಪಿಲ್ಲ, ನಿನ್ನ ಅದೃಷ್ಟ ಹೇಗಿದೆ ನೋಡಿಕೋ ಎಂಬರ್ಥದ ಮಾತಾಡುತ್ತಾನೆ. ಆ ಮನುಷ್ಯ ಕೈ ಹಿಂದೆಗೆಯುತ್ತಾನೆ. ಆದರೆ ಒಳಗೆ ಗುಂಡು ಇತ್ತೋ ಇಲ್ಲವೋ ಎಂಬುದು ಅವನಿಗೆ ತಿಳಿಯಲೇಬೇಕು. ಹ್ಯಾರಿ ಟ್ರಿಗರ್ ಒತ್ತುತ್ತಾನೆ. ಖಾಲಿ ಸದ್ದು. ಹ್ಯಾರಿ ನಗುತ್ತಾ ಹೊರಟುಹೋಗುತ್ತಾನೆ.

ಇದನ್ನು ಓದುವಾಗ ನಮ್ಮವರಿಗೆ ರಾಮನಗರದ ಬಂಡೆಗಳು ನೆನಪಾಗದೆ ಇರವು. ನಾಲ್ಕು ವರ್ಷಗಳ ನಂತರ, 1975ರಲ್ಲಿ, ಅಲ್ಲಿ ಚಿತ್ರೀಕರಣಗೊಂಡ 'ಶೋಲೆ'ಯಲ್ಲಿ ಗಬ್ಬರ್ ಸಿಂಗ್ ಆರು ಗುಂಡಿನ ರಿವಾಲ್ವರ್ ತೆಗೆದುಕೊಂಡು, ಮೂವರು ಮನುಷ್ಯರಿಗೆ ಆರು ಗುಂಡು ಅನ್ಯಾಯವೆಂದು ಮೂರನ್ನು ಗಾಳಿಗೆ ಹಾರಿಸುತ್ತಾನೆ. ಆಮೇಲೆ ಸಿಲಿಂಡರನ್ನು ಗಿರ್ರನೆ ತಿರುಗಿಸಿ ಒಬ್ಬೊಬ್ಬರ ತಲೆಗೂ ಹಿಡಿಯುತ್ತಾನೆ. ಮೂರು ಸಲವೂ ಖಾಲಿ ಸದ್ದು. ಎಲ್ಲರೂ ನಗುತ್ತಾರೆ. ನಗು ಮುಗಿಯುವಷ್ಟರಲ್ಲಿ ಮೂವರನ್ನೂ ಕೊಲ್ಲುತ್ತಾನೆ. ಎರಡೂ ದೃಶ್ಯಗಳ ಜೀವ ಒಂದೇ: ತಿರುಗುವ ಆ ಆರು ಗೂಡುಗಳಲ್ಲಿ ಯಾವುದರಲ್ಲಿ ಸಾವಿದೆ ಎಂಬುದು ಎದುರಿನವನಿಗೆ ತಿಳಿಯದು. ಇನ್ನೊಬ್ಬನ ಜೀವದೊಂದಿಗೆ ಆಡುವ ಈ ಆಟವನ್ನು ಸಲೀಂ-ಜಾವೇದ್ ಜೋಡಿ ಖಳನ ಕೈಗೆ ಕೊಟ್ಟಿತು. ಅಮೆರಿಕದ ಚಿತ್ರ ನಾಯಕನ ಕೈಗೆ ಕೊಟ್ಟಿತು. ಪ್ರೇಕ್ಷಕ ಗಬ್ಬರನ ನಗುವಿಗೆ ನಡುಗಿದ, ಹ್ಯಾರಿಯ ನಗುವಿಗೆ ಚಪ್ಪಾಳೆ ತಟ್ಟಿದ. ವಿಮರ್ಶಕಿ ಪಾಲೀನ್ ಕೇಲ್ 1972ರಲ್ಲೇ ಆ ಚಿತ್ರದೊಳಗಿನ ಫ್ಯಾಸಿಸ್ಟ್ ಒಲವನ್ನು ಗುರುತಿಸಿ ಬರೆದರು. ಅದರಿಂದ ಗಲ್ಲಾಪೆಟ್ಟಿಗೆಗೆ ನಷ್ಟವೇನೂ ಆಗಲಿಲ್ಲ.

ಲಾಭವಾದದ್ದು ಮಾತ್ರ ಚಿತ್ರಮಂದಿರಗಳಿಗಷ್ಟೇ ಅಲ್ಲ. ಹ್ಯಾರಿಯ ಕೈಯಲ್ಲಿದ್ದದ್ದು ಸ್ಮಿತ್ ಅಂಡ್ ವೆಸನ್ ಕಂಪನಿಯ ಮಾಡೆಲ್ 29, .44 ಮ್ಯಾಗ್ನಮ್ ಗುಂಡಿನ ದೊಡ್ಡ ಫ್ರೇಮಿನ ರಿವಾಲ್ವರ್. ಅಲ್ಲಿಯವರೆಗೆ ಬೇಟೆಗಾರರಿಗಷ್ಟೇ ಬೇಕಿದ್ದ ಆ ವಸ್ತುವನ್ನು ಚಿತ್ರ ಬಿಡುಗಡೆಯಾದ ಮೇಲೆ ಅಂಗಡಿಗಳಲ್ಲಿ ನಿಗದಿತ ಬೆಲೆಗಿಂತ ಹೆಚ್ಚು ಕೊಟ್ಟು ಕೊಳ್ಳತೊಡಗಿದರು. ಹೀಗೆ ಕೊಂಡವರಲ್ಲಿ ಬಹಳ ಮಂದಿಗೆ ಕಾಡೂ ಇರಲಿಲ್ಲ, ಕರಡಿಯೂ ಇರಲಿಲ್ಲ. ಅವರು ಹೇಳುತ್ತಿದ್ದುದು ಒಂದೇ ಮಾತು: ಆತ್ಮರಕ್ಷಣೆ.

ಒಂದು ರಿವಾಲ್ವರನ್ನು ಕೊಳ್ಳುವುದು, ಅದನ್ನು ತನ್ನ ಕೈಗೆ ತಕ್ಕಂತೆ ಮಾರ್ಪಡಿಸಿಕೊಳ್ಳುವುದು ಯಂತ್ರದ ವಿಷಯ, ಸಾಹಿತ್ಯ ವಿಮರ್ಶೆಗೆ ಇಲ್ಲೇನು ಕೆಲಸ ಎಂದು ಓದುಗರು ಕೇಳಬಹುದು. ನನ್ನ ಮಟ್ಟಿಗೆ ಅದೊಂದು ಕಥೆ ಕಟ್ಟುವ ಕೆಲಸವೇ ಆಗಿದೆ. ಅದೂ ಒಂದು ಬಗೆಯ ಕೆಟ್ಟ ಕಥೆ. ಅದನ್ನು ಕಥೆಯೆಂದೇ ಓದಿ ನೋಡಬೇಕು.

ಮೊದಲು ವಸ್ತುವಿನ ಪರಿಚಯ. ಸ್ಮಿತ್ ಅಂಡ್ ವೆಸನ್ ಕಂಪನಿ ತನ್ನ ರಿವಾಲ್ವರುಗಳ ಮೈಕಟ್ಟನ್ನು ಇಂಗ್ಲಿಷ್ ಅಕ್ಷರಗಳಿಂದ ಗುರುತಿಸುತ್ತದೆ. ಜೇಬಿನಲ್ಲಿ ಅಡಗುವಂಥದ್ದು ಜೆ, ಪೊಲೀಸರು ಸೊಂಟಕ್ಕೆ ಕಟ್ಟುತ್ತಿದ್ದ ಮಧ್ಯಮ ಗಾತ್ರದ್ದು ಕೆ, ಎಲ್ಲಕ್ಕಿಂತ ಪ್ರಸಿದ್ಧವಾದ ದೊಡ್ಡದು ಎನ್. ಈ ಎನ್ ಫ್ರೇಮ್ 1908ರಿಂದ ಇದೆ. 1935ರಲ್ಲಿ ಇದೇ ಮೈಕಟ್ಟಿನ ಮೇಲೆ .357 ಮ್ಯಾಗ್ನಮ್ ಬಂತು. ಮೊದಲ ಕೆಲವು ವರ್ಷ ಅದನ್ನು ಅಂಗಡಿಯ ಗಾಜಿನೊಳಗಿಂದ ಎತ್ತಿಕೊಡುತ್ತಿರಲಿಲ್ಲ, ದರ್ಜಿ ಅಂಗಿ ಹೊಲಿದಂತೆ ಅಳತೆ ಕೇಳಿ ಮಾಡಿಕೊಡುತ್ತಿದ್ದರು. ನಳಿಗೆ ಮೂರೂವರೆ ಇಂಚಿನಿಂದ ಎಂಟೂಮುಕ್ಕಾಲು ಇಂಚಿನವರೆಗೆ ಎಷ್ಟು ಬೇಕೋ ಅಷ್ಟು. ಗುರಿ ನೋಡುವ ಕಡ್ಡಿ ಯಾವ ಬಗೆಯದು, ಹಿಡಿ ಯಾವುದು, ಎಷ್ಟು ದೂರಕ್ಕೆ ಗುರಿ ಹೊಂದಿಸಬೇಕು, ಎಲ್ಲವೂ ಗಿರಾಕಿಯ ಆಯ್ಕೆ. ಕೊಂಡವನು ನೋಂದಾಯಿಸಿಕೊಂಡರೆ ಕಂಪನಿಯಿಂದ ಪ್ರಮಾಣಪತ್ರ ಬರುತ್ತಿತ್ತು. ಮೊದಲನೆಯದು ಹೋದದ್ದು ಎಫ್‌ಬಿಐ ಮುಖ್ಯಸ್ಥ ಜೆ. ಎಡ್ಗರ್ ಹೂವರ್ ಕೈಗೆ. ಬೆಲೆ 60 ಡಾಲರ್. ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತ ಇನ್ನೂ ಮುಗಿಯದ ದಿನಗಳವು. ಆದರೂ ಗಿರಾಕಿಗಳು ಸರದಿಯಲ್ಲಿ ಕಾದರು. ಜನರಲ್ ಪ್ಯಾಟನ್ ದಂತದ ಹಿಡಿಯ ಮೇಲೆ ತನ್ನ ಹೆಸರಿನ ಅಕ್ಷರಗಳನ್ನು ಕೆತ್ತಿಸಿಕೊಂಡಿದ್ದು ಈ ಸಾಲಿನ ರಿವಾಲ್ವರ್ ಮೇಲೆಯೇ.

ಈ ವಸ್ತುವಿಗೊಂದು ಸಾಹಿತ್ಯವೂ ಬೆಳೆಯಿತು. ಅದರ ಆದಿಕವಿಯ ಸ್ಥಾನ ಯಾರಿಗಾದರೂ ಕೊಡಬಹುದಾದರೆ ಅದು ಎಲ್ಮರ್ ಕೀತ್‌ಗೆ (1899-1984). ಐಡಾಹೊ ಸೀಮೆಯ ದನಗಾಹಿ, ಬೇಟೆಯ ಮಾರ್ಗದರ್ಶಿ. ದೊಡ್ಡ ಟೋಪಿ, ಬಾಯಲ್ಲಿ ಚುಟ್ಟಾ. 1929ರಲ್ಲಿ 'ಅಮೆರಿಕನ್ ರೈಫಲ್‌ಮನ್' ಪತ್ರಿಕೆಯಲ್ಲಿ ತಾನು ಹಲವು ಕುಶಲಕರ್ಮಿಗಳಿಂದ ತಿದ್ದಿಸಿ ಕಟ್ಟಿಸಿಕೊಂಡ ಒಂದು ರಿವಾಲ್ವರಿನ ಬಗ್ಗೆ ಬರೆದ. ಆ ಲೇಖನದ ಹೆಸರು 'ದಿ ಲಾಸ್ಟ್ ವರ್ಡ್', ಅಂದರೆ ಕೊನೆಯ ಮಾತು. ಅದು ಕೊನೆಯ ಮಾತೇನೂ ಆಗಲಿಲ್ಲ. ಆಮೇಲೆಯೂ ಐದು ದಶಕ ಅದೇ ವಿಷಯ ಬರೆದ. ಇನ್ನೂ ಭಾರದ, ಇನ್ನೂ ವೇಗದ ಗುಂಡು ಬೇಕೆಂದು ಕಂಪನಿಗಳ ಬೆನ್ನುಹತ್ತಿದ. 1956ರ ಆರಂಭದಲ್ಲಿ ಮಾರುಕಟ್ಟೆಗೆ ಬಂದ .44 ಮ್ಯಾಗ್ನಮ್ ಅವನ ಒತ್ತಾಯದ ಕೂಸು. ಅವನ ಆತ್ಮಕಥೆ 'ಹೆಲ್, ಐ ವಾಸ್ ದೇರ್!' 1979ರಲ್ಲಿ ಬಂತು.

ಬಾಲ್ಯದಲ್ಲಿ, ಮೊಂಟಾನಾದ ಮಿಸೂಲಾ ಊರಿನಲ್ಲಿ, ಕಟ್ಟಡಕ್ಕೆ ಬೆಂಕಿ ಬಿದ್ದು ಈ ಕೀತ್ ಭೀಕರವಾಗಿ ಸುಟ್ಟುಕೊಂಡಿದ್ದ. ಒಂದು ಕೈ ಬಹುಕಾಲ ಸ್ವಾಧೀನದಲ್ಲಿರಲಿಲ್ಲ. ಸುಟ್ಟ ಕೈಯ ಹುಡುಗ ಮುಂದೆ ಲೋಕದ ಅತಿ ಬಲಶಾಲಿ ಕೈಬಂದೂಕನ್ನು ಬಯಸಿದ ಎಂದು ಬರೆದುಬಿಡುವುದು ಸುಲಭ. ಕಥೆಗಾರರಿಗೆ ಇಂಥ ಆಸೆ ಹುಟ್ಟುತ್ತದೆ. ನಾನು ಅದಕ್ಕೆ ಕೈಹಾಕುವುದಿಲ್ಲ. ನನಗೆ ಮುಖ್ಯವೆನಿಸಿದ್ದು ಬೇರೆ. ಕೀತ್ ಹೇಳುವ ದೊಡ್ಡ ರಿವಾಲ್ವರ್ ಕುದುರೆಯ ಮೇಲಿನವನದು, ಹಿಮದಲ್ಲಿ ಒಂಟಿಯಾಗಿ ಅಲೆಯುವವನದು. ಎದುರಿಗೆ ಬರುವುದು ಮೃಗ. ಮೃಗಕ್ಕೆ ತೂಕವಿದೆ, ಚರ್ಮದ ದಪ್ಪವಿದೆ, ಓಡುವ ರೀತಿಯಿದೆ. ಇವೆಲ್ಲದರ ವಿವರ ಅವನಿಗೆ ಗೊತ್ತು. ಹ್ಯಾರಿ ಅದೇ ರಿವಾಲ್ವರನ್ನು ನಗರಕ್ಕೆ ತಂದ. ಮೃಗದ ಜಾಗಕ್ಕೆ ಮನುಷ್ಯನನ್ನು ತಂದ. ವಿವರಗಳು ಅಲ್ಲಿಗೆ ಮುಗಿದವು.

ಈಗ ಮಾರ್ಪಾಡಿನ ವಿಷಯ. ದೊಡ್ಡ ರಿವಾಲ್ವರನ್ನು 'ರಕ್ಷಣೆಯ' ರಿವಾಲ್ವರ್ ಮಾಡಿಕೊಳ್ಳುವವನು ಬಂದೂಕು ಕುಶಲಕರ್ಮಿಯ ಬಳಿ ಹೋಗುತ್ತಾನೆ. ಉದ್ದ ನಳಿಗೆಯನ್ನು ಮೂರೋ ನಾಲ್ಕೋ ಇಂಚಿಗೆ ಕತ್ತರಿಸುತ್ತಾರೆ. ಹ್ಯಾಮರಿನ ಬಾಲವನ್ನು ಕತ್ತರಿಸುತ್ತಾರೆ, ಬಟ್ಟೆಗೆ ಸಿಕ್ಕಿಕೊಳ್ಳದಿರಲಿ ಎಂದು. ಒಳಗಿನ ಭಾಗಗಳನ್ನು ಉಜ್ಜಿ ನಯ ಮಾಡಿ, ಟ್ರಿಗರ್ ಎಳೆತ ತಡೆಯಿಲ್ಲದೆ ಬರುವಂತೆ ಮಾಡುತ್ತಾರೆ. ಮುಂದಿನ ಗುರಿಕಡ್ಡಿಗೆ ಕೆಂಪು ತುಣುಕು ಕೂರಿಸುತ್ತಾರೆ, ಮಬ್ಬುಗತ್ತಲಲ್ಲಿ ಕಾಣಲಿ ಎಂದು. ನಳಿಗೆಯ ತುದಿಯಲ್ಲಿ ಸೀಳು ಕೊರೆಸಿ ಅನಿಲ ಮೇಲಕ್ಕೆ ಚಿಮ್ಮುವಂತೆ ಮಾಡುತ್ತಾರೆ, ಗುಂಡು ಹಾರಿದಾಗ ಕೈ ಎಗರದಿರಲಿ ಎಂದು. ಮರದ ಹಿಡಿ ತೆಗೆದು ರಬ್ಬರಿನದು ಹಾಕುತ್ತಾರೆ.

ಇದರಲ್ಲಿ ಒಂದು ತಮಾಷೆಯಿದೆ. ಮಾಡೆಲ್ 29ರ ಉದ್ದ ನಳಿಗೆಯ ಮಾದರಿ ಒಂದೂಕಾಲು ಕಿಲೋಗಿಂತ ಹೆಚ್ಚು ತೂಗುತ್ತದೆ. ಅದರ ಒದೆತ ಕೈಮಣಿಕಟ್ಟಿಗೆ ಚೆನ್ನಾಗಿಯೇ ತಾಗುತ್ತದೆ. ಐವತ್ತು ಗುಂಡಿನ ಪೆಟ್ಟಿಗೆಯಲ್ಲಿ ಆರು ಮಾತ್ರ ಖಾಲಿಯಾಗಿ ಮಾರಾಟಕ್ಕೆ ಬರುವ ಸೆಕೆಂಡ್ ಹ್ಯಾಂಡ್ ರಿವಾಲ್ವರುಗಳ ಬಗ್ಗೆ ಅಮೆರಿಕದ ಬಂದೂಕುಪ್ರಿಯರೇ ನಗೆಯಾಡುತ್ತಾರೆ. ಅಂದರೆ ಎಲ್ಲಕ್ಕಿಂತ ಬಲಶಾಲಿಯಾದದ್ದನ್ನು ಕೊಳ್ಳಲು ಒಮ್ಮೆ ದುಡ್ಡು, ಅದರ ಬಲವನ್ನು ತಾಳಿಕೊಳ್ಳುವಂತೆ ಮಾಡಿಸಲು ಮತ್ತೊಮ್ಮೆ ದುಡ್ಡು. ಸ್ವತಃ ಹ್ಯಾರಿಯೇ ಎರಡನೆಯ ಚಿತ್ರ 'ಮ್ಯಾಗ್ನಮ್ ಫೋರ್ಸ್'ನಲ್ಲಿ (1973) ಗುರಿ ಅಭ್ಯಾಸದ ಜಾಗದಲ್ಲಿ ನಿಂತು, ತಾನು ಹಾಕುವುದು ಕಡಿಮೆ ಬಲದ ಗುಂಡು ಎಂದು ಒಪ್ಪಿಕೊಳ್ಳುತ್ತಾನೆ. ಅಭಿಮಾನಿಗಳು ಈ ಮಾತನ್ನು ಹೆಚ್ಚು ನೆನೆಸುವುದಿಲ್ಲ.

ತಮಾಷೆ ಇರಲಿ. ಮೇಲಿನ ಮಾರ್ಪಾಡುಗಳನ್ನು ಇನ್ನೊಮ್ಮೆ ನೋಡಿ. ಪ್ರತಿಯೊಂದರ ಹಿಂದೆಯೂ ಒಂದು ಸನ್ನಿವೇಶವಿದೆ. ಕತ್ತಲಾಗಿದೆ. ಕೈ ನಡುಗುತ್ತಿದೆ. ಕೋಟಿನೊಳಗಿಂದ ಬೇಗ ತೆಗೆಯಬೇಕು. ಒಂದು ಸಲ ಹಾರಿಸಿದರೆ ಸಾಲದು, ಎರಡನೆಯದೂ ತಕ್ಷಣ ಬೇಕು. ಕಥೆ ಬರೆಯುವವನಿಗೆ ಇದು ಪರಿಚಿತ ಕೆಲಸ. ನಾವೂ ಬೆಳಕು ಎಷ್ಟಿತ್ತು, ಬಾಗಿಲು ಯಾವ ಕಡೆಗೆ ತೆರೆಯುತ್ತಿತ್ತು, ಅವನ ಅಂಗಿಯ ಗುಂಡಿ ಹೇಗಿತ್ತು ಎಂದು ಹೀಗೇ ಕೂತು ಕಟ್ಟುತ್ತೇವೆ. ಇಲ್ಲಿ ಕಥಾನಾಯಕನ ಬೆರಳಿನ ಉದ್ದಕ್ಕೂ ವಿವರವಿದೆ. ಎದುರಿನವನಿಗೆ ಮಾತ್ರ ಹೆಸರಿಲ್ಲ, ಊರಿಲ್ಲ, ಬಂದ ಕಾರಣವಿಲ್ಲ. ಅವನು ಬರುತ್ತಾನೆ ಎಂಬುದಷ್ಟೇ ಖಚಿತ. ಹೊಸದಾಗಿ ಬರೆಯುವ ಹುಡುಗರ ಕಥೆಗಳಲ್ಲಿ ಖಳನಾಯಕ ಹೀಗಿರುತ್ತಾನೆ. ಅಲ್ಲಾದರೆ ಸಂಪಾದಕರು ಕಥೆ ವಾಪಸು ಕಳಿಸುತ್ತಾರೆ. ಇಲ್ಲಿ ಪಾತ್ರ ಖಾಲಿ ಬಿದ್ದಿರುತ್ತದೆ. ಯಾರು ಮೊದಲು ಬಾಗಿಲಿಗೆ ಬರುತ್ತಾರೋ ಅದು ಅವರಿಗೆ ಸಿಗುತ್ತದೆ.

1992ರ ಅಕ್ಟೋಬರ್ 17ರಂದು ಅದು ಸಿಕ್ಕಿದ್ದು ಯೋಶಿಹಿರೊ ಹತ್ತೋರಿ ಎಂಬ ಹುಡುಗನಿಗೆ. ಜಪಾನಿನ ನಗೋಯಾದವನು, ಹದಿನಾರು ವರ್ಷ. ವಿದ್ಯಾರ್ಥಿ ವಿನಿಮಯ ಯೋಜನೆಯಡಿ ಲೂಸಿಯಾನಾದ ಬ್ಯಾಟನ್ ರೂಜ್‌ಗೆ ಬಂದು ಅಲ್ಲಿನ ಒಂದು ಕುಟುಂಬದೊಂದಿಗೆ ಇದ್ದ. ಹ್ಯಾಲೋವೀನ್ ಹಬ್ಬದ ಮುಂಚಿನ ಒಂದು ಪಾರ್ಟಿಗೆ ಆ ಮನೆಯ ಹುಡುಗನೊಂದಿಗೆ ಹೊರಟ. ಇಬ್ಬರೂ ವಿಳಾಸ ತಪ್ಪಿ ಹತ್ತಿರದ ಬೇರೊಂದು ಮನೆಯ ಕರೆಗಂಟೆ ಒತ್ತಿದರು. ಮನೆಯಾಕೆ ಕಾರು ನಿಲ್ಲಿಸುವ ಕಡೆಯ ಬಾಗಿಲು ತೆರೆದು ನೋಡಿ, ಗಾಬರಿಯಾಗಿ ಮುಚ್ಚಿ, ಗಂಡನಿಗೆ ಬಂದೂಕು ತರಲು ಕೂಗಿ ಹೇಳಿದಳು. ಯಾಕೆ, ಏನಾಯಿತು ಎಂದು ಆತ ಕೇಳಲಿಲ್ಲ. ತಂದದ್ದು .44 ಮ್ಯಾಗ್ನಮ್ ರಿವಾಲ್ವರ್, ಗುರಿಗೆಂದು ಮೇಲೆ ಸಾಧನವೊಂದನ್ನು ಅಳವಡಿಸಿಕೊಂಡದ್ದು. ಹುಡುಗರು ಹಿಂತಿರುಗಿ ಹೊರಟಿದ್ದರು. ಬಾಗಿಲು ಮತ್ತೆ ತೆರೆದದ್ದು ಕಂಡು ಯೋಶಿಹಿರೊ ಪಾರ್ಟಿಗೆ ಬಂದವರು ನಾವು ಎನ್ನುತ್ತಾ ಅತ್ತ ನಡೆದ. ಮನೆಯಾತ 'ಫ್ರೀಜ್' ಎಂದ. ಅಲ್ಲಾಡದೆ ನಿಲ್ಲು ಎಂಬುದಕ್ಕೆ ಅಮೆರಿಕದ ಆಡುಮಾತು ಅದು. ಇಂಗ್ಲಿಷ್ ಕಲಿಯಲು ಬಂದ ಹುಡುಗನಿಗೆ ಆ ಮಾತು ತಿಳಿಯಲಿಲ್ಲ, 'ಪ್ಲೀಸ್' ಎಂದು ಕೇಳಿಸಿರಲೂಬಹುದು ಎಂದು ಆಮೇಲೆ ಅನೇಕರು ಬರೆದರು. ಒಂದೇ ಗುಂಡು, ಎದೆಗೆ.

ಹುಡುಗ ತೊಟ್ಟಿದ್ದದ್ದು ಬಿಳಿಯ ಸೂಟು. 1977ರ 'ಸ್ಯಾಟರ್ಡೇ ನೈಟ್ ಫೀವರ್' ಚಿತ್ರದ ಜಾನ್ ಟ್ರವೋಲ್ಟಾನ ವೇಷ. ಅಮೆರಿಕವನ್ನು ಮೆಚ್ಚಿ, ಅದರ ಸಿನಿಮಾದ ನರ್ತಕನಾಗಿ ಅವನು ಆ ಬಾಗಿಲಿಗೆ ಬಂದಿದ್ದ. ಬಾಗಿಲೊಳಗಿನಿಂದ ಹೊರಬಂದದ್ದು ಅದೇ ಅಮೆರಿಕದ ಇನ್ನೊಂದು ಸಿನಿಮಾ ಲೋಕಪ್ರಸಿದ್ಧ ಮಾಡಿದ ರಿವಾಲ್ವರ್. ಆ ಮನುಷ್ಯ ಹ್ಯಾರಿಯನ್ನು ನೋಡಿಯೇ ಅದನ್ನು ಕೊಂಡ ಎಂದು ನಾನು ಹೇಳುತ್ತಿಲ್ಲ. ಆತ ಬೇಟೆಯ ಅಭ್ಯಾಸವಿದ್ದವನು. ಆದರೆ ಆ ಕ್ಷಣದಲ್ಲಿ ಇಬ್ಬರೂ ಬೇರೆ ಬೇರೆ ಕಥೆಯೊಳಗಿದ್ದರು, ಆಯುಧ ಒಬ್ಬನ ಕಥೆಯಲ್ಲಿ ಮಾತ್ರ ಇತ್ತು.

1993ರ ಮೇ ತಿಂಗಳಲ್ಲಿ ಜ್ಯೂರಿ ಅವನನ್ನು ನಿರ್ದೋಷಿಯೆಂದಿತು. ಮನೆಬಾಗಿಲಿಗೆ ಬಂದವನಿಗೆ ಹೆದರಿ ಗುಂಡು ಹಾರಿಸುವುದು ಆ ಹನ್ನೆರಡು ಜನಕ್ಕೆ ಸಹಜವೆನಿಸಿತು. ಮರುವರ್ಷ ಸಿವಿಲ್ ನ್ಯಾಯಾಲಯ ಮಾತ್ರ ಇಲ್ಲಿ ಆತ್ಮರಕ್ಷಣೆಯ ಅಗತ್ಯವೇ ಇರಲಿಲ್ಲವೆಂದು ಹೇಳಿ, ಹುಡುಗನ ತಂದೆತಾಯಿಗೆ ಆರೂವರೆ ಲಕ್ಷ ಡಾಲರಿಗೂ ಹೆಚ್ಚು ಪರಿಹಾರ ಕೊಡಬೇಕೆಂದಿತು. ಒಂದೇ ಘಟನೆ, ಎರಡು ಓದು.

ಬಂದೂಕು ಸಾಹಿತ್ಯವೆಲ್ಲ ಒಂದೇ ಬಗೆಯದೆಂದು ತಳ್ಳಿಹಾಕುವುದು ಅನ್ಯಾಯವಾದೀತು. ಅರಬ್ ಮೂಲದ ಅಮೆರಿಕನ್ ಲೇಖಕ ಮಸ್ಸಾದ್ ಅಯೂಬ್ 1980ರಲ್ಲಿ 'ಇನ್ ದ ಗ್ರೇವೆಸ್ಟ್ ಎಕ್ಸ್‌ಟ್ರೀಮ್' ಎಂಬ ಪುಸ್ತಕ ತಂದರು. ತಪ್ಪಿಸಿಕೊಳ್ಳಲು ಬೇರೆ ದಾರಿಯಿಲ್ಲದ, ತಕ್ಷಣದ ಪ್ರಾಣಾಪಾಯದಲ್ಲಿ ಮಾತ್ರ ಗುಂಡು, ಅದರ ಆಚೆಗೆ ಕಾನೂನಿದೆ, ಜೈಲಿದೆ, ಬದುಕಿನುದ್ದದ ಭಾರವಿದೆ ಎಂಬುದು ಅದರ ಒಟ್ಟು ವಾದ. ರಕ್ಷಣೆಗೆಂದು ಇಟ್ಟುಕೊಂಡ ರಿವಾಲ್ವರಿನ ಟ್ರಿಗರನ್ನು ತೀರ ಹಗುರ ಮಾಡಿಸಬೇಡಿ ಎಂದೂ ಅವರು ಬಹಳ ಕಾಲದಿಂದ ಬರೆಯುತ್ತ ಬಂದಿದ್ದಾರೆ. ಅದಕ್ಕೆ ಕಾರಣ ಸುಮ್ಮನೆ ಊಹಿಸಿದ್ದಲ್ಲ. 1982ರ ಡಿಸೆಂಬರಿನಲ್ಲಿ ಮಯಾಮಿಯ ಓವರ್‌ಟೌನ್ ಎಂಬ ಕಪ್ಪು ಜನರ ಬಡಾವಣೆಯ ವಿಡಿಯೋ ಆಟದಂಗಡಿಯಲ್ಲಿ ಪೊಲೀಸ್ ಅಧಿಕಾರಿ ಲೂಯಿಸ್ ಆಲ್ವರೆಜ್‌ನ ರಿವಾಲ್ವರಿನಿಂದ ಹಾರಿದ ಗುಂಡಿಗೆ ನೆವೆಲ್ ಜಾನ್ಸನ್ ಎಂಬ ಇಪ್ಪತ್ತರ ಯುವಕ ಸತ್ತ. ಊರು ಹೊತ್ತಿ ಉರಿಯಿತು. ವಿಚಾರಣೆಯಲ್ಲಿ ಸರ್ಕಾರಿ ವಕೀಲರು, ರಿವಾಲ್ವರನ್ನು ಸುಲಭವಾಗಿ ಹಾರುವಂತೆ ಬದಲಾಯಿಸಲಾಗಿತ್ತು, ಹ್ಯಾಮರನ್ನು ಹಿಂದಕ್ಕೆಳೆದು ಇಡಲಾಗಿತ್ತು ಎಂದು ವಾದಿಸಿದರು. 1984ರಲ್ಲಿ ಬರೀ ಬಿಳಿಯರಿದ್ದ ಜ್ಯೂರಿ ಆತನನ್ನು ಬಿಟ್ಟಿತು. ಅದು ದೊಡ್ಡ ಫ್ರೇಮಿನ ರಿವಾಲ್ವರ್ ಅಲ್ಲ, ಪೊಲೀಸ್ ಸೇವೆಯದು. ಆದರೆ ಕುಶಲಕರ್ಮಿಯ ಮೇಜಿನ ಮೇಲೆ ಉಜ್ಜಿದ ಒಂದು ಚೂರು ಉಕ್ಕು ನ್ಯಾಯಾಲಯದಲ್ಲಿ ಸಾಕ್ಷಿಯಾಗಿ ಕೂರಬಲ್ಲದು ಎಂಬುದು ಆಗ ಎಲ್ಲರಿಗೂ ತಿಳಿಯಿತು. ನನಗೆ ಅಯೂಬರ ಎಚ್ಚರಿಕೆ ಹಿಡಿಸುತ್ತದೆ. ಅಷ್ಟಾಗಿಯೂ ಅದು ಗುಂಡು ಹಾರಿಸುವವನ ಹಿತಕ್ಕಾಗಿಯೇ ಇರುವ ಎಚ್ಚರಿಕೆ. ಬಾಗಿಲಾಚೆಯವನು ಅದರಲ್ಲೂ ಮಾತಾಡುವುದಿಲ್ಲ.

ಹಾಗಾದರೆ ಹೆದರಿದವನು ಏನು ಮಾಡಬೇಕು? ಈ ಪ್ರಶ್ನೆಯನ್ನು ಹಗುರವಾಗಿ ನೋಡುವ ಅಹಿಂಸಾವಾದದಲ್ಲಿ ನನಗೆ ನಂಬಿಕೆಯಿಲ್ಲ. ತನ್ನ ಜೀವ, ಮನೆಮಂದಿ, ಸೊತ್ತನ್ನು ಕಾಯುತ್ತ ಸತ್ತವನು ಹುತಾತ್ಮನೆಂದು ಹದೀಸುಗಳಲ್ಲಿದೆ. ಅಮೆರಿಕದಲ್ಲೇ ನಿಜವಾದ ಭಯ ಯಾರಿಗಿತ್ತು ನೋಡಿ. .44 ಮ್ಯಾಗ್ನಮ್ ಮಾರುಕಟ್ಟೆಗೆ ಬಂದ ಅದೇ 1956ರ ಜನವರಿ 30ರಂದು ಮಾಂಟ್ಗಾಮರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮನೆಗೆ ಬಾಂಬ್ ಎಸೆದರು. ಹೆಂಡತಿ, ಹಸುಗೂಸು ಒಳಗಿದ್ದರು. ಬಂದೂಕು ಒಯ್ಯಲು ಕಿಂಗ್ ಅರ್ಜಿ ಹಾಕಿದರು, ಅನುಮತಿ ಸಿಗಲಿಲ್ಲ. 1967ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬ್ಲ್ಯಾಕ್ ಪ್ಯಾಂಥರ್ ಯುವಕರು ಬಂದೂಕು ಹಿಡಿದು ಬಹಿರಂಗವಾಗಿ ನಿಂತಾಗ, ಅದನ್ನು ತಡೆಯುವ ಕಾನೂನಿಗೆ ಸಹಿ ಹಾಕಿದ್ದು ಗವರ್ನರ್ ಆಗಿದ್ದ ರೊನಾಲ್ಡ್ ರೇಗನ್. ಆತ್ಮರಕ್ಷಣೆಯ ಕಥೆಯಲ್ಲಿ ಯಾರು ಒಳಗಿನವರು, ಯಾರು ಹೊರಗಿನವರು ಎಂಬುದು ಮೊದಲೇ ತೀರ್ಮಾನವಾಗಿತ್ತು ಎಂದಾಯಿತು. 'ಡರ್ಟಿ ಹ್ಯಾರಿ'ಯಲ್ಲಿ ನೆಲಕ್ಕೊರಗಿದ್ದ ದರೋಡೆಕೋರನ ಪಾತ್ರ ಮಾಡಿದ ನಟ ಆಲ್ಬರ್ಟ್ ಪಾಪ್‌ವೆಲ್. ಮುಂದಿನ ಚಿತ್ರದಲ್ಲಿ ಅವರಿಗೆ ವೇಶ್ಯೆಯರ ದಲ್ಲಾಳಿಯ ಪಾತ್ರ. ಅದರ ಮುಂದಿನದರಲ್ಲಿ (1976) ಕಪ್ಪು ಉಗ್ರಗಾಮಿ ಗುಂಪಿನ ನಾಯಕ. ಆ ಪಾತ್ರದ ಹೆಸರು ಮುಸ್ತಫಾ. ನಾಲ್ಕನೆಯ ಚಿತ್ರಕ್ಕೆ ಬರುವ ಹೊತ್ತಿಗೆ, 1983ರಲ್ಲಿ, ಹ್ಯಾರಿಯ ಗೆಳೆಯನಾಗಲು ಅವಕಾಶ ಸಿಕ್ಕಿತು. ಆ ಗೆಳೆಯನೂ ಕೊಲೆಯಾಗುತ್ತಾನೆ.

ಉರ್ದುವಿನಲ್ಲಿ ರಕ್ಷಣೆಗೆ 'ಹಿಫಾಜತ್' ಎನ್ನುತ್ತೇವೆ. ಕುರ್‌ಆನ್ ಕಂಠಸ್ಥ ಮಾಡಿದವನನ್ನು 'ಹಾಫಿಜ್' ಎನ್ನುವುದೂ ಅದೇ ಮೂಲದ ಮಾತಿನಿಂದ. ಬೀಳ್ಕೊಡುವಾಗ ಹೇಳುವ 'ಖುದಾ ಹಾಫಿಜ್' ಕೂಡ. ಈ ಮಾತು ಹೊರಗೆ ಹೋಗುತ್ತಿರುವವನಿಗೆ ಹೇಳುವಂಥದ್ದು. ಅಂದರೆ ಹೊಸಿಲಾಚೆ ಇರುವವನಿಗೇ ರಕ್ಷಣೆ ಬೇಕು ಎಂಬ ತಿಳಿವಳಿಕೆ ಅದರಲ್ಲಿದೆ. ಅನ್ಯರ ಮನೆಯೊಳಗೆ ಅನುಮತಿ ಕೇಳಿ, ಸಲಾಂ ಹೇಳಿಯೇ ಕಾಲಿಡಬೇಕೆಂದು ಕುರ್‌ಆನಿನ 'ನೂರ್' ಅಧ್ಯಾಯ ವಿಧಿಸುತ್ತದೆ. ಮೂರು ಸಲ ಕೇಳಿ ಉತ್ತರ ಬಾರದಿದ್ದರೆ ಮರಳಬೇಕೆಂದು ಹದೀಸ್ ಇದೆ. ಮೊದಲ ಸಲಕ್ಕೇ ಬಾಗಿಲಾಚೆಯವನು ಯಾರೆಂಬುದನ್ನು ತೀರ್ಮಾನಿಸದಿರಲು ಒಳಗಿನವನಿಗೂ ಇದರಿಂದ ಸಮಯ ಸಿಗುತ್ತದೆ. ಬ್ಯಾಟನ್ ರೂಜಿನ ಆ ಮನೆಯಲ್ಲಿ ಗಂಟೆ ಸದ್ದಾದದ್ದಕ್ಕೂ ಗುಂಡು ಹಾರಿದ್ದಕ್ಕೂ ನಡುವೆ ಇದ್ದದ್ದು ಕೆಲವೇ ಕ್ಷಣ. ಗಂಡ ಹೆಂಡತಿಯನ್ನು ಒಂದು ಪ್ರಶ್ನೆ ಕೇಳಲು ಅಷ್ಟು ಸಾಕಿತ್ತು.

ನಮ್ಮಲ್ಲಿ ರಿವಾಲ್ವರ್ ಕೊಳ್ಳುವುದು ಅಷ್ಟು ಸಲೀಸಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಿದೆ, ಲೈಸೆನ್ಸ್ ಬೇಕು, ಅದಕ್ಕಾಗಿ ಕಚೇರಿ ಅಲೆಯಬೇಕು. ಕೊಡಗಿನ ವಿನಾಯಿತಿ ಬೇರೆಯೇ ಚರಿತ್ರೆ. ದೆಹಲಿಯ 2012ರ ಅತ್ಯಾಚಾರದ ನಂತರ ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರಲ್ಲಿ ಮಹಿಳೆಯರಿಗೆಂದು 'ನಿರ್ಭೀಕ್' ಎಂಬ ಹಗುರ ರಿವಾಲ್ವರ್ ತಂದಿತು. ಬೆಲೆ ಒಂದು ಲಕ್ಷದ ಇಪ್ಪತ್ತೆರಡು ಸಾವಿರ. ರಾತ್ರಿ ಪಾಳಿ ಮುಗಿಸಿ ಬಸ್ಸಿಗೆ ಕಾಯುವ ಹೆಣ್ಣುಮಗಳಿಗೆ ಆ ಬೆಲೆಯೇ ಉತ್ತರ ಹೇಳಿಬಿಡುತ್ತದೆ. ಆದರೆ ಹೆಸರಿಲ್ಲದ ಆ ಪಾತ್ರವನ್ನು ಕಟ್ಟಲು ರಿವಾಲ್ವರೇ ಬೇಕಂತಿಲ್ಲ. ನಮ್ಮ ನಗರಗಳಲ್ಲಿ ಬಾಡಿಗೆ ಮನೆ ಹುಡುಕುತ್ತ, ಹೆಸರು ಹೇಳಿದೊಡನೆ ಬಾಗಿಲು ಮುಚ್ಚಿಕೊಂಡದ್ದನ್ನು ಕಂಡ ಮುಸ್ಲಿಮರಿಗೆ ಅದನ್ನು ವಿವರಿಸಬೇಕಿಲ್ಲ. ದಲಿತರಿಗೂ ಬೇಕಿಲ್ಲ. ನಮ್ಮ ಮೊಹಲ್ಲಾಗಳ ಒಳಗೆ ನಾವೂ ಇಂಥ ಪಾತ್ರಗಳನ್ನು ಕಟ್ಟಿಟ್ಟುಕೊಂಡಿದ್ದೇವೆ ಎಂಬುದನ್ನು ಮರೆತು ಇದನ್ನು ಬರೆದರೆ ಅರ್ಧ ಬರೆದಂತಾಗುತ್ತದೆ.

ಮತ್ತೆ ಆ ಹುಡುಗನ ತಂದೆತಾಯಿಯ ವಿಷಯ. ಅಮೆರಿಕದ ಮನೆಗಳಿಂದ ಬಂದೂಕು ತೆಗೆಯಿರಿ ಎಂಬ ಮನವಿಗೆ ಅವರು ಜಪಾನಿನಲ್ಲಿ ಸಂಗ್ರಹಿಸಿದ ಸಹಿಗಳು ಹದಿನೇಳು ಲಕ್ಷದಷ್ಟು. 1993ರ ನವೆಂಬರಿನಲ್ಲಿ ಅಧ್ಯಕ್ಷ ಕ್ಲಿಂಟನ್‌ರನ್ನು ಭೇಟಿಯಾದರು. ಅದೇ ತಿಂಗಳ ಕೊನೆಗೆ, ಕೈಬಂದೂಕು ಕೊಳ್ಳುವವರ ಹಿನ್ನೆಲೆ ಪರಿಶೀಲಿಸಬೇಕೆನ್ನುವ ಬ್ರೇಡಿ ಕಾಯ್ದೆಗೆ ಸಹಿ ಬಿತ್ತು. ಅವರು ಇನ್ನೂ ಒಂದು ಕೆಲಸ ಮಾಡಿದರು. ಮಗನ ಹೆಸರಿನಲ್ಲಿ ನಿಧಿಯೊಂದನ್ನು ಸ್ಥಾಪಿಸಿ, ಅಮೆರಿಕದ ಹೈಸ್ಕೂಲ್ ಹುಡುಗ ಹುಡುಗಿಯರು ಜಪಾನಿಗೆ ಬಂದು ಅಲ್ಲಿನ ಮನೆಗಳಲ್ಲಿ ಉಳಿದು ಓದುವಂತೆ ಮಾಡಿದರು.